ಹರಳಿನ ಗೆರೆ

ಅಂಬಾದಾಸ ಪ್ಲಗ್ಗಿಗೆ ಕೈ ಹಾಕಿದ್ದೇ ತಡ, ಅಡುಗೆಮನೆಯ ಬಾಗಿಲಿನಿಂದ ಸುವರ್ಣಾ ಕೂಗಿದಳು: "ಮುಟ್ಟಬ್ಯಾಡ್ರಿ ಅದನ್ನ!"

ಭಜನೆಯವರು ತಾಳ ನಿಲ್ಲಿಸಿ ತಿರುಗಿ ನೋಡಿದರು. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಅವಳು ಇಷ್ಟು ದೊಡ್ಡ ದನಿ ತೆಗೆದದ್ದನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಖುಷಿಪಡಬಹುದಾಗಿದ್ದ ಒಬ್ಬರು, ಅವಳ ಗಂಡನ ಅಕ್ಕ ಶಿವದೇವಿ, ನಡುಮನೆಯ ಗೋಡೆಗೆ ಒರಗಿ ಕುಳಿತಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಹಾರ, ಎಡ ಅಂಗೈಯಲ್ಲಿ ಇಷ್ಟಲಿಂಗ. ಸತ್ತವರನ್ನು ಮಲಗಿಸದೆ ಕೂರಿಸುವುದು ಅವರ ಪದ್ಧತಿ.

"ಮೈಕಿಗೆ ಕರೆಂಟ್ ಬೇಕಲ್ಲವಾ," ಅಂದ ಅಂಬಾದಾಸ. ತೆಲುಗು ಸೀಮೆಯ ಮಿಯಾಪುರದ ಸುತ್ತಮುತ್ತ ಕನ್ನಡದವರ ಮನೆಯಲ್ಲಿ ಸಾವಾದರೆ ಭಜನೆ ಅವನದೇ. "ಒಂದು ಪಾಯಿಂಟಿಗೆ ಕೂಲರ್ ಹಚ್ಚೀರಿ. ಉಳಿದದ್ದು ಇದೊಂದ. ಈ ಕಂಪ್ಯೂಟರ್ ಬಂದ್ ಮಾಡಿದ್ರ ಏನಾಗತೈತಿ?"

"ಅಡಗಿಮನಿ ಮಿಕ್ಸರ್ ಪಾಯಿಂಟಿಗೆ ಹಚ್ಚರಿ. ವಾಯರ್ ನಾ ತಂದು ಕೊಡ್ತೀನಿ."

ಗಂಡನ ಸೋದರತ್ತೆ ಗಂಗಾಬಾಯಿ ಬೀದರಿನಿಂದ ಆಗಷ್ಟೇ ಬಂದಿಳಿದಿದ್ದಳು. ಅಳುವುದನ್ನು ಅಲ್ಲಿಗೇ ನಿಲ್ಲಿಸಿ ಮೂಗು ಒರೆಸಿಕೊಂಡಳು. "ಸತ್ತ ಮನ್ಯಾಗ ಟಿವಿ ಸುದ್ದಾ ಬಂದ್ ಮಾಡ್ತಾರ. ಇಲ್ಲಿ ನೋಡಿದ್ರ ಹೆಣದ ಮುಂದ ಕಂಪ್ಯೂಟರ್ ನಡೀಬೇಕಂತ. ಅಯ್ಯನವರು ಬಂದ್ರ ಏನಂದಾರು?"

"ಅದು ಅಕ್ಕಾರ ಕೆಲಸರಿ ಅತ್ತಿ. ಮುಗಿಯೋತನಾ ಇರ್ಲಿ."

"ಅಕ್ಕ ಅರ್ಧಕ್ಕ ಬಿಟ್ಟ ಕೆಲಸ. ಇರ್ಲಿ ಬಿಡ್ರಿ ಅತ್ತಿ," ಅಂದ ಸುವರ್ಣಾಳ ಗಂಡ ಶಾಂತಕುಮಾರ. ಅಲ್ಲಿಗೆ ಮಾತು ಮುಗಿಯಿತು. ಭಜನೆ ಮತ್ತೆ ಶುರುವಾಯಿತು.

ವಾಯರ್ ಎಳೆಯುವ ನೆಪದಲ್ಲಿ ಸುವರ್ಣಾ ಪರದೆಯ ಹತ್ತಿರ ಬಗ್ಗಿದಳು. ಕಪ್ಪು ಹಿನ್ನೆಲೆಯ ಮೇಲೆ ಹಸಿರು ಗೆರೆಯೊಂದು ಎಡದಿಂದ ಹೊರಟು, ಎಳೆದು ಕಟ್ಟಿದ ನೂಲಿನ ಹಾಗೆ ಸಪಾಟಾಗಿ ಬಿದ್ದಿತ್ತು. ಅಕ್ಕನ ಕೆಲಸ ಎಂದದ್ದು ಸುಳ್ಳು. ಆ ಗೆರೆ ಸುವರ್ಣಾಳದು.

*

ಶಿವದೇವಿ ಎಂಜಿನಿಯರಿಂಗ್ ಕಾಲೇಜೊಂದರ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿದ್ದರು. ಹುಡುಗರು ಬೆಸುಗೆ ಹಾಕುವುದಕ್ಕೆ ಮುಂಚೆ ಸರ್ಕ್ಯೂಟನ್ನು ಕಂಪ್ಯೂಟರಿನಲ್ಲಿ ಬರೆದು, ಓಡಿಸಿ, ಕರೆಂಟು ಎಲ್ಲಿ ಎಷ್ಟು ಹರಿಯುತ್ತದೆಂದು ನೋಡಿಕೊಳ್ಳಬೇಕು. ಅದನ್ನು ಕಲಿಸುವುದು ಅವರ ಕೆಲಸ. ತಪ್ಪಾದರೂ ಅಲ್ಲಿ ಹೊಗೆ ಬರುವುದಿಲ್ಲ, ಕೈ ಸುಡುವುದಿಲ್ಲ.

ತಮ್ಮನ ಹೆಂಡತಿ ಬೀದರಿನಲ್ಲಿ ಅದೇ ವಿಷಯದಲ್ಲಿ ಡಿಪ್ಲೊಮಾ ಮಾಡಿದ್ದಾಳೆಂದು ಅವರಿಗೆ ಗೊತ್ತಾದದ್ದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಸೀರೆಯ ಟ್ರಂಕು ಬಿಸಿಲಿಗಿಟ್ಟ ದಿನ.

"ಸರ್ಟಿಫಿಕೇಟಿಗೂ ಡಾಂಬರಗುಳಿಗಿ ಹಾಕಿ ಇಟ್ಟೀಯಲ್ಲ! ಜಿರಳಿ ಓದಿ ಪಾಸಾಗಬಾರ್ದಂತ ಏನ?"

ಅಂದಿನಿಂದ ಕಾಲೇಜು ಬಿಟ್ಟು ಬಂದ ಮೇಲೆ, ರೊಟ್ಟಿ ಬಡಿಯುವ ಹೊತ್ತಾಗುವವರೆಗೆ, ಇಬ್ಬರೂ ಆ ಮೂಲೆಯಲ್ಲಿ ಕೂರುತ್ತಿದ್ದರು. ಮೊದಮೊದಲು ಸುವರ್ಣಾ ಅಲೆ ಎಬ್ಬಿಸುವ ಸರ್ಕ್ಯೂಟೊಂದನ್ನು ಬರೆದಳು. ಓಡಿಸಿದರೆ ಗೆರೆ ಮಿಸುಕಲಿಲ್ಲ. ಎಲ್ಲೋ ತಪ್ಪಿದೆನೆಂದು ಎಲ್ಲವನ್ನೂ ಅಳಿಸಿ ಕುಳಿತಳು. ಶಿವದೇವಿ ಬಂದು ಖಾಲಿ ಪರದೆ ನೋಡಿ ಹಣೆ ಹಣೆ ಬಡಿದುಕೊಂಡರು.

"ಏನೂ ತಪ್ಪಿರಲಿಲ್ಲ ಹುಚ್ಚಿ. ಎಲ್ಲಾ ಬರೋಬರಿ ಇತ್ತು, ಅದಕ್ಕ ಅದು ಸುಮ್ಮನ ಕುಂತಿತ್ತು. ಹೊರಗ ಟೇಬಲ್ ಮ್ಯಾಲೆ ಕಟ್ಟಿದ್ರ ತಾನ ಏಳತೈತಿ. ಶಾಖ, ಗದ್ದಲ, ಏನರ ಒಂದು ಅದನ್ನ ತಳ್ಳತೈತಿ. ಈ ಡಬ್ಬಿಯೊಳಗ ಗದ್ದಲ ಇಲ್ಲವಾ. ಮೊದಲ ನಾವ ಒಂದು ಚಿಟಿಕಿ ತಳ್ಳಬೇಕು. ಒಂದು ಸಾಲು ಬರದ್ರ ಸಾಕು. ಆಮ್ಯಾಲೆ ತಾನ ತೂಗಿಕೊಂತೈತಿ."

ನಿನ್ನೆ ಬರೆದದ್ದು ಗೋಡೆ ಗಡಿಯಾರದೊಳಗಿನಂಥ ಹರಳಿನ ಸರ್ಕ್ಯೂಟು. ಮೊದಲಿನಿಂದ ಕೊನೆಯವರೆಗೆ ಅವಳೊಬ್ಬಳದೇ. "ನಾ ಕೈ ಹಚ್ಚಂಗಿಲ್ಲ," ಎಂದು ಶಿವದೇವಿ ಬೇಕೆಂದೇ ದೂರ ಕುಳಿತು ಮೆಂತ್ಯದ ಸೊಪ್ಪು ಸೋಸಿದ್ದರು. ಅಲೆ ಎಬ್ಬಿಸಲು ಹರಳು ಬಲು ನಿಧಾನ. ಕಂಪ್ಯೂಟರು ಅದರ ಒಂದೊಂದು ಕದಲಿಕೆಯನ್ನೂ ಲೆಕ್ಕ ಹಾಕುತ್ತ ತಾಸುಗಟ್ಟಲೆ ಓಡಬೇಕು. ಶುರುಮಾಡಿ ಬಿಟ್ಟು ಮಲಗಿದರು.

ಬೆಳಿಗ್ಗೆ ಚಹಾ ತಂದಾಗ ಶಿವದೇವಿ ಅದರ ಮುಂದೆಯೇ ಕುರ್ಚಿಯಲ್ಲಿದ್ದರು, ಕತ್ತು ಕೊಂಚ ವಾಲಿಸಿ. "ಎದ್ದತೇನ್ರಿ ಅಕ್ಕಾರ?" ಎಂದು ಸುವರ್ಣಾ ಗೆರೆಯನ್ನು ನೋಡುತ್ತ ಕೇಳಿದಳು. ಕಪ್ಪು ಕೆಳಗಿಡುವಾಗ ಅವರ ಕೈ ತಾಗಿತು. ತಣ್ಣಗಿತ್ತು.

*

ಮಧ್ಯಾಹ್ನ ಕಾಲೇಜಿನವರು ಬಂದರು. ಲ್ಯಾಬಿನ ಮುಖ್ಯಸ್ಥ ವಿಜಯಕುಮಾರ ಕಲಬುರ್ಗಿ ಕಡೆಯವನು. ಹಾರ ಹಾಕಿ ಕೈ ಮುಗಿದು ಹಿಂದೆ ಸರಿದವನ ಕಣ್ಣು ಪರದೆಯ ಮೇಲೆ ನಿಂತಿತು.

"ಮೇಡಂ ನಿನ್ನೆ ಒಂದು ಮಾತು ಅಂದಿದ್ರು," ಅವನು ಸುವರ್ಣಾಳಿಗೆ ಮೆಲ್ಲಗೆ ಹೇಳಿದ. "ಒಬ್ಬರ ಕೆಲಸ ತೋರಸ್ತೀನಿ ಸರ್, ಚಲೋ ಅನಿಸಿದ್ರ ಲ್ಯಾಬಿಗೆ ತಗೋರಿ ಅಂತ. ಯಾರ್ರಿ ಅಂದ್ರ, ಮೊದಲ ಕೆಲಸ ನೋಡ್ರಿ, ಆಮ್ಯಾಲೆ ಹೆಸರು ಅಂದ್ರು. ಅದು ಯಾರಂತ ನಿಮಗ ಗೊತ್ತೈತೇನ್ರಿ?"

ಸುವರ್ಣಾ ಪರದೆಯ ಕಡೆ ತಿರುಗಿದಳು. ನಿನ್ನೆ ಒಲೆಯ ಮೇಲೆ ಹಾಲು ಉಕ್ಕಿದ್ದು, ಅರ್ಧದಲ್ಲಿ ಎದ್ದು ಓಡಿದ್ದು, ಬಂದು ಆತುರದಲ್ಲಿ ಓಡಿಸಿದ್ದು ನೆನಪಿತ್ತು. ಆ ಒಂದು ಚಿಟಿಕೆಯ ಸಾಲು ಬರೆದದ್ದು ಮಾತ್ರ ಎಷ್ಟು ಕೆದಕಿದರೂ ನೆನಪಾಗುತ್ತಿರಲಿಲ್ಲ. ಬರೆಯದಿದ್ದರೆ ಆ ಗೆರೆ ಇನ್ನು ಎಷ್ಟು ಓಡಿದರೂ ಹೀಗೆಯೇ ಬಿದ್ದಿರುತ್ತದೆ. ಇನ್ನೂ ಒಂದು ಅರ್ಥವಾಗುತ್ತಿರಲಿಲ್ಲ. ರಾತ್ರಿಯೆಲ್ಲ ಓಡಿದ್ದು ಇಷ್ಟು ಹೊತ್ತಿಗೆ ಮುಗಿಯಲು ಬರಬೇಕಿತ್ತು. ಗೆರೆ ಇನ್ನೂ ಪರದೆಯ ಅರ್ಧವನ್ನೂ ದಾಟಿರಲಿಲ್ಲ.

"ಕೇಳಿ ಹೇಳ್ತೀನ್ರಿ," ಅಂದಳು. ಯಾರನ್ನು ಕೇಳುವುದೋ ಅವಳಿಗೇ ಗೊತ್ತಿರಲಿಲ್ಲ.

ವಿಜಯಕುಮಾರ ಮತ್ತೊಮ್ಮೆ ಪರದೆ ನೋಡಿದ. "ಹರಳಿಂದು. ಎದ್ದಿಲ್ಲ ಇನ್ನೂ," ಎಂದು ತನ್ನಷ್ಟಕ್ಕೇ ಹೇಳಿಕೊಂಡು ಚಪ್ಪಲಿ ಹುಡುಕಲು ಹೋದ.

ಶಿವದೇವಿಯನ್ನು ಹೂವಿನ ವಿಮಾನದ ಚಟ್ಟದಲ್ಲಿ ಕೂರಿಸಿ ಲಿಫ್ಟಿನಲ್ಲಿ ಇಳಿಸಲಾಗದೆ, ಮೆಟ್ಟಿಲ ಮೇಲೆ ಓರೆಯಾಗಿಸಿ ಇಳಿಸಿದರು. "ಸಾವಕಾಶ, ಅಕ್ಕಗ ತ್ರಾಸ ಆಗಬಾರ್ದು," ಎನ್ನುತ್ತಲೇ ಇದ್ದ ಶಾಂತಕುಮಾರ. ರುದ್ರಭೂಮಿಗೆ ಹೆಂಗಸರೂ ಹೋದರು. ಕುಣಿಯೊಳಗಿನ ಗೂಡಿನಲ್ಲಿ ಶಿವದೇವಿಯನ್ನು ಕೂರಿಸಿ, ಅಯ್ಯನವರು ಮಂತ್ರ ಹೇಳಿ, ಬಿಲ್ವಪತ್ರೆ ವಿಭೂತಿ ತುಂಬಿದರು.

"ಕೆಲಸ ಮಾಡಕೋತ ಕುಂತಿದ್ದಳು ನಮ್ಮಣ್ಣನ ಮಗಳು. ಹಂಗ ಕುಂತ ಹೋದಳು," ಎಂದು ಗಂಗಾಬಾಯಿ ಒಂದು ಹಿಡಿ ಮಣ್ಣು ಹಾಕಿದಳು. ಸುವರ್ಣಾಳೂ ಹಾಕಿದಳು.

ಮನೆಗೆ ಬಂದು ಎಲ್ಲರೂ ಸ್ನಾನ ಮಾಡಿದರು. ಸುವರ್ಣಾ ತಲೆಯ ನೀರು ಹಿಂಡಿಕೊಳ್ಳದೆಯೇ ನಡುಮನೆಯ ಮೂಲೆಗೆ ಬಂದಳು.

ಗೆರೆ ಪರದೆಯ ಬಹುಪಾಲು ದಾಟಿತ್ತು. ಎಡಗಡೆಯೆಲ್ಲ ಅದೇ ಸಪಾಟು. ಬಲತುದಿಗೆ ಬರುತ್ತ ಮಾತ್ರ, ಎಣ್ಣೆ ಹೀರಿದ ಬತ್ತಿಯ ಹಾಗೆ, ಗೆರೆ ತುಸು ದಪ್ಪವಾಗಿತ್ತು. ಅವಳು ಕಣ್ಣು ಉಜ್ಜಿಕೊಂಡು ನೋಡಿದಳು. ದಪ್ಪವಾಗುತ್ತಲೇ ಇತ್ತು. ಒತ್ತೊತ್ತಾದ ಸಣ್ಣ ಅಲೆಗಳು; ಹರಳು ಏಳುತ್ತಿತ್ತು.

ಗೆರೆಯ ಹಿಂದಿದ್ದ ಸರ್ಕ್ಯೂಟಿನ ಚಿತ್ರ ತೆರೆದಳು. ಹರಳಿನ ಪಕ್ಕದಲ್ಲಿ ಆ ಒಂದು ಸಾಲು ಇತ್ತು. ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ. ಸುವರ್ಣಾ ಬರೆಯುವುದು ಯಾವಾಗಲೂ ದೊಡ್ಡ ಅಕ್ಷರ. ಬೆಳಗಿನ ಜಾವ ಶಿವದೇವಿ ಎದ್ದು, ಓಡುತ್ತಿದ್ದುದನ್ನು ನಿಲ್ಲಿಸಿ, ಇದೊಂದು ಸಾಲು ಸೇರಿಸಿ, ಮತ್ತೆ ಮೊದಲಿನಿಂದ ಓಡಿಸಿ ನೋಡುತ್ತ ಕುಳಿತಿದ್ದಾರೆ.

"ಮುಗೀತೇನ ಅಕ್ಕನ ಕೆಲಸ?" ಟವೆಲಿನಲ್ಲಿ ತಲೆ ಒರೆಸುತ್ತ ಶಾಂತಕುಮಾರ ಕೇಳಿದ.

"ಅಕ್ಕಾರದಲ್ರಿ. ನಂದು." ಸುವರ್ಣಾ ಆ ಸಾಲಿನ ಮೇಲೆ ಬೆರಳಿಟ್ಟಳು. "ಒಂದು ಚಿಟಿಕಿ ಅಷ್ಟ ಅವರದು. ವಿಜಯಕುಮಾರ ಸರ್ ನಂಬರ್ ಐತೇನ್ರಿ ನಿಮ್ಮ ಕಡೆ?"

ಅವನು ಅವಳನ್ನೂ ಪರದೆಯನ್ನೂ ನೋಡಿದ. ಆಮೇಲೆ ಫೋನು ಹುಡುಕಲು ಒಳಗೆ ಹೋದ.

ಶಿವದೇವಿ ಕೂತೇ ಹೋದ ಕುರ್ಚಿಯನ್ನು ಬೆಳಿಗ್ಗೆಯೇ ಬಾಲ್ಕನಿಗೆ ಒಯ್ದು ತಲೆಕೆಳಗು ಮಾಡಿ ಇಟ್ಟಿದ್ದರು. ಸುವರ್ಣಾ ಅದನ್ನು ಎತ್ತಿ ತಂದಳು.

"ಅದರ ಮ್ಯಾಲೆ ಕುಂಡ್ರಬ್ಯಾಡವಾ, ಇನ್ನ ಮೂರು ದಿನ ಆಗಿಲ್ಲ," ಒಳಗಿನಿಂದ ಗಂಗಾಬಾಯಿ ಕೂಗಿದಳು.

ಸುವರ್ಣಾ ಕುರ್ಚಿಯನ್ನು ಪರದೆಯ ಮುಂದೆ ನೆಟ್ಟಗೆ ಇಟ್ಟು, ಸೆರಗಿನಿಂದ ಧೂಳು ಒರೆಸಿ ಕುಳಿತಳು. ಒದ್ದೆ ಜಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಎದುರಿಗೆ ಗೆರೆ ಇನ್ನಷ್ಟು ಅಗಲವಾಯಿತು.