ಸೊಸೆಯ ಫೈಲು, ಅತ್ತೆಯ ಕೈ

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದು ತೈನಾನ್ ಊರಿನ ನಮ್ಮ ಓಣಿಗೆಲ್ಲ ಗೊತ್ತು. ಅಂಥವಳಿಗೆ ಇಪ್ಪತ್ತಾರು ವರ್ಷದಿಂದ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೆಲಸ! ಬೆಕ್ಕನ್ನು ಹಾಲಿನ ಕಾವಲಿಗೆ ಕೂರಿಸಿದ್ದಾರೆ ಎಂದು ನನ್ನ ಗಂಡ ಅಖುನ್ ನಗುತ್ತಾನೆ. ನಗಲಿ ಬಿಡಿ. ಆಸ್ಪತ್ರೆಯ ಒಂದಕ್ಷರವೂ ನನ್ನ ಬಾಯಿಂದ ಹೊರಬಿದ್ದಿಲ್ಲ. ಯಾರಿಗೆ ಮೂಲವ್ಯಾಧಿ, ಯಾರದು ಕಟ್ಟಿಸಿದ ಹಲ್ಲು, ಎಲ್ಲವನ್ನೂ ಅಲ್ಲೇ ಬಿಟ್ಟು ಸ್ಕೂಟರ್ ಹತ್ತುತ್ತೇನೆ. ಮನೆಯ ಮಾತು ಬೇರೆ.

ಎಡವಿದ್ದೂ ಮನೆಯ ಮಾತಿನಲ್ಲೇ. ಹೋದ ವರ್ಷ ಸೊಸೆ ಪೇರೋಂಗ್ ಬಸುರಿಯಾದಳು. ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಮಾರ್ಕೆಟ್ಟಿನ ಮೀನಿನವಳಿಗೆ ಹೇಳಿಬಿಟ್ಟೆ. ಒಂಬತ್ತನೇ ವಾರಕ್ಕೆ ಬಸಿರು ನಿಲ್ಲಲಿಲ್ಲ. ಆಮೇಲೆ ಓಣಿಯವರು ದಾರಿಯಲ್ಲಿ ನಿಲ್ಲಿಸಿ "ಈಗೆಷ್ಟು ತಿಂಗಳು?" ಎಂದು ಕೇಳಿದಾಗೆಲ್ಲ, ಆ ಹುಡುಗಿ ಒಬ್ಬೊಬ್ಬರಿಗೂ ಬಾಯಿಬಿಟ್ಟು ಹೇಳಬೇಕಾಯಿತು. ಅದನ್ನು ನೆನೆದರೆ ಇವತ್ತಿಗೂ ನನ್ನ ನಾಲಿಗೆ ಕಿತ್ತು ಬಿಸಾಡಬೇಕು ಅನ್ನಿಸುತ್ತದೆ.

ಈ ವರ್ಷ ಒಂದು ಬೆಳಗ್ಗೆ, ಆ ದಿನದ ರೋಗಿಗಳ ಪಟ್ಟಿ ವಿಂಗಡಿಸುವಾಗ, ಹೆಂಗಸರ ವಿಭಾಗದ ಕೆಳಗೆ ಪೇರೋಂಗ್ ಹೆಸರು ಕಂಡಿತು. ಏನು, ಎತ್ತ ಎಂದು ತಿಳಿಯಲು ಫೈಲು ತೆರೆದರೆ ಮುಗಿಯಿತು. ಆದರೆ ನಮ್ಮ ಕೆಲಸಕ್ಕೆ ಬೇಡದ ಫೈಲು ಒತ್ತಿದರೆ ಪರದೆಯ ಮೇಲೆ ಒಂದು ಚೌಕ ಏಳುತ್ತದೆ. "ತೆರೆಯಲು ಕಾರಣ ಬರೆಯಿರಿ" ಎನ್ನುತ್ತದೆ. ಪಕ್ಕದ ಮೇಜಿನವಳು ನಾದಿನಿಯ ಫೈಲಿಗೆ "ಕಚೇರಿ ಕೆಲಸ" ಎಂದು ಸುಳ್ಳು ಬರೆದು ನೌಕರಿ ಕಳಕೊಂಡಿದ್ದಳು. ನಾನೂ ಆ ಚೌಕದ ತನಕ ಹೋದೆ, ಮುಚ್ಚಿಡುವುದೇಕೆ. ಒಂದು ಸಲ, ಒಂದೇ ಸಲ. ಏನಂತ ಬರೆಯಲಿ? ಅಜ್ಜಿಯಾಗುವ ಆತುರ ಅಂತಲೇ? ಮುಚ್ಚಿದೆ.

ಅಷ್ಟಕ್ಕೂ ಮೂರು ಹೆತ್ತವಳಿಗೆ ಕಂಪ್ಯೂಟರ್ ಯಾಕೆ ಬೇಕು? ಪೇರೋಂಗ್ ಹೂಮೀನಿನ ಗಂಜಿಯ ವಾಸನೆಗೆ ಎದ್ದು ಹೊರಗೋಡಿದಳು. ಐಸ್ ಟೀ ಬಿಟ್ಟು ಬಿಸಿನೀರು ಹಿಡಿದಳು. ಸ್ಕೂಟರ್ ಬಿಟ್ಟು ಬಸ್ಸು ಹತ್ತಿದಳು. ನನಗೆ ಎಲ್ಲ ತಿಳಿಯಿತು. ಬಾಯಿಗೆ ಬೀಗ ಜಡಿದೆ. ಮೀನಿನವಳು ಕಂಡರೆ ಕೋಳಿ ಅಂಗಡಿಯ ಕಡೆ ತಿರುಗಿಕೊಳ್ಳುತ್ತಿದ್ದೆ.

ಭಾನುವಾರ ಅಖುನ್ ಮಗ-ಸೊಸೆಯ ಕೋಣೆಯಲ್ಲಿ ಕ್ಯಾಲೆಂಡರ್ ತೂಗುಹಾಕಲು ಸುತ್ತಿಗೆ ಎತ್ತಿದ. ಬಸುರಿಯ ಕೋಣೆಯಲ್ಲಿ ಮೊಳೆ ಹೊಡೆದರೆ ಗರ್ಭ ಕಾಯುವ ದೇವರಿಗೇ ಪೆಟ್ಟು! ನಾನು ಸೌಟು ಹಿಡಿದೇ ಓಡಿದೆ.

"ನಿನ್ನ ಸುತ್ತಿಗೆಗಿಷ್ಟು ಬೆಂಕಿ ಹಾಕ! ಇಳಿ ಕೆಳಗೆ!"

"ಯಾಕೆ? ಇಲ್ಲಿ ಯಾರಾದ್ರೂ ಬಸುರಿ..." ಎಂದವನು ಅಲ್ಲಿಗೇ ನಿಲ್ಲಿಸಿ ನನ್ನ ಮುಖ ನೋಡಿದ. ಬಾಗಿಲಲ್ಲಿ ಪೇರೋಂಗ್ ನಿಂತಿದ್ದಳು. ಮುಖ ಬಿಳಿಚಿತ್ತು.

"ಅಮ್ಮಾ, ನೀವು ನನ್ನ ಫೈಲು ನೋಡಿದ್ರಿ."

"ಇಲ್ವೇ! ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ. ಆವತ್ತು ಗಂಜಿ..."

"ಸುಳ್ಳು ಹೇಳ್ಬೇಡಿ. ನಿಮ್ಮ ಮಗನ್ನ ಬಿಟ್ರೆ ಯಾರಿಗೂ ಹೇಳಿಲ್ಲ ನಾನು. ಈ ಸಲ ಆದ್ರೂ ನನ್ನ ಹೊಟ್ಟೇಲಿರೋದು ನನ್ನ ಹತ್ರಾನೇ ಇರ್ಲಿ ಅಂದ್ಕೊಂಡಿದ್ದೆ. ನಾಳೆ ಡಾಕ್ಟರಿಗೆ ತೋರಿಸ್ಕೊಂಡು ಹಾಗೇ ತವರಿಗೆ ಹೋಗ್ತೀನಿ. ಮಗು ಹುಟ್ಟೋ ತನಕ ಬರಲ್ಲ."

ಮಾಡದ ತಪ್ಪಿಗೆ ಇಂಥ ಮಾತು! ಮೊದಲು ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಸಿಟ್ಟು ನೆತ್ತಿಗೇರಿತು. ಸೋಮವಾರ ಅವಳು ಆಸ್ಪತ್ರೆಗೆ ಬಂದದ್ದೇ ತಡ, ಕೈ ಹಿಡಿದು ನಮ್ಮ ವಿಭಾಗದ ಮುಖ್ಯಸ್ಥೆ ಲಿಯೆನ್ ಮುಂದೆ ನಿಲ್ಲಿಸಿದೆ.

"ಯಾರ್ಯಾರು ಫೈಲು ಮುಟ್ಟಿದ್ದಾರೆ ಅಂತ ರೋಗಿ ಕೇಳಿದ್ರೆ ಪಟ್ಟಿ ಕೊಡ್ಬೇಕಲ್ವಾ? ಇವಳು ಕೇಳ್ತಿದಾಳೆ, ಕೊಡಿ. ಅದರಲ್ಲಿ ನನ್ನ ಹೆಸರಿದ್ರೆ ಇವತ್ತೇ ಕೆಲಸ ಬಿಡ್ತೀನಿ!"

ಹೇಳಿ ಮುಗಿಸಿದ ಮೇಲೆ ಆ ಒಂದು ಸಲದ ನೆನಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಕಥೆ. ಲಿಯೆನ್ ಕಾಗದ ತೆಗೆದು ಕನ್ನಡಕ ಕೆಳಗೆ ಜಾರಿಸಿದಳು.

"ಸೂಲ್ವಾನ್ ಅಕ್ಕಾ, ನಿಮ್ಮ ಹೆಸರಿದೆ."

ಪೇರೋಂಗ್ ಕೈ ಬಿಡಿಸಿಕೊಂಡಳು.

"ಪೂರ್ತಿ ಕೇಳಿ. ಫೈಲು ತೆರೆದಿಲ್ಲ. ಕಾರಣದ ಚೌಕದ ತನಕ ಬಂದು ವಾಪಸ್ ಹೋಗಿದ್ದಾರೆ. ಹನ್ನೊಂದು ಸಲ."

"ಹನ್ನೊಂದಾ?" ಎಂದೆ ನಾನು.

"ಹದಿನೆಂಟನೇ ತಾರೀಖು ಊಟದ ಹೊತ್ತಲ್ಲೇ ಮೂರು ಸಲ. ಕರೆಸಿ ವಿಚಾರಿಸ್ಬೇಕು ಅಂತಿದ್ದೆ, ನೀವೇ ಬಂದ್ರಿ."

ನಿಮಗೂ ಒಂದೇ ಸಲ ಅಂದಿದ್ದೆನಲ್ಲ! ಏನು ಮಾಡಲಿ, ಮನಸ್ಸಿಗೆ ಒಂದೇ ಅಂತ ಹೇಳಿಕೊಂಡು ಹೇಳಿಕೊಂಡು ನಾನೇ ನಂಬಿದ್ದೆ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಪೇರೋಂಗ್ ಕಾಗದ ಇಸಕೊಂಡು ಹನ್ನೊಂದು ಸಾಲನ್ನೂ ಬೆರಳಿಟ್ಟು ಓದಿದಳು. ಅವಳ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವ ಹಾಗೆ.

"ಮೀನಿನವಳ ಮುಂದೆ ಒಂದು ಸಲ ತಡ್ಕೊಳ್ಳೋಕಾಗಿರ್ಲಿಲ್ಲ ನಿಮಗೆ. ಇಲ್ಲಿ ಹನ್ನೊಂದು ಸಲ ತಡ್ಕೊಂಡ್ರಾ?"

"ಹನ್ನೊಂದು ಸಲ ಸತ್ತು ಹುಟ್ಟಿದೀನಿ ಕಣೇ!"

ಅವಳು ಕಣ್ಣೊರೆಸಿಕೊಂಡು ಹೆಂಗಸರ ವಿಭಾಗದ ಚೀಟಿ ತೋರಿಸಿದಳು. "ಇವತ್ತು ಸ್ಕ್ಯಾನ್ ಇದೆ. ಹತ್ತು ವಾರ ಆಯ್ತು. ಒಬ್ಳೇ ಒಳಗೆ ಹೋಗೋಕೆ ಭಯ ಆಗ್ತಿದೆ ಅಮ್ಮಾ. ಬರ್ತೀರಾ?"

ನಾನು ಲಿಯೆನ್ ಕಡೆ ನೋಡಿದೆ. "ಡ್ಯೂಟಿ ಹೊತ್ತು... ಕಾರಣ ಏನಂತ ಬರೀಲಿ?"

"ನಾನು ಕರೆದೆ ಅಂತ ಬರೀರಿ," ಎಂದಳು ಪೇರೋಂಗ್.

ಕತ್ತಲೆ ಕೋಣೆಯಲ್ಲಿ ಡಾಕ್ಟರು ಯಂತ್ರದ ಶಬ್ದ ಜೋರು ಮಾಡಿದರು. ಕುದುರೆ ಓಡಿದ ಹಾಗೆ ಒಂದು ಪುಟ್ಟ ಎದೆ ಬಡಿದುಕೊಳ್ಳುತ್ತಿತ್ತು. ಪೇರೋಂಗ್ ನನ್ನ ಒಂದು ಕೈ ಗಟ್ಟಿಯಾಗಿ ಹಿಡಿದಳು. ಇನ್ನೊಂದು ಕೈಯಿಂದ ನಾನು ಬಾಯಿ ಮುಚ್ಚಿಕೊಂಡೆ. ಮೂರು ತಿಂಗಳು ತುಂಬಲು ಇನ್ನೂ ಎರಡು ವಾರ ಬಾಕಿ ಇತ್ತು.