ಮಾಯಮ್ಮನ ಓದು

ಕಂಪಲಾಪುರದಿಂದ ಒಳಕ್ಕೆ ಎರಡು ಮೈಲಿ ನಡೆದರೆ ಸಿಗುವ ಸಣ್ಣ ಊರಿನಲ್ಲಿ ವೀರಭದ್ರಸ್ವಾಮಿ ಹದಿನಾರು ವರ್ಷ ಮೇಷ್ಟ್ರಾಗಿದ್ದರು. ಶಾಲೆಗೆ ಇದ್ದದ್ದು ಒಂದೇ ಕೋಣೆ. ನಾಲ್ಕು ತರಗತಿಯ ತೊಂಬತ್ತು ಚಿಲ್ಲರೆ ಮಕ್ಕಳಿಗೆ ಅವರೊಬ್ಬರೇ. ನಾಲ್ಕನೆಯವರಿಗೆ ಲೆಕ್ಕ ಹಾಕಿಕೊಟ್ಟು ಬರುವಷ್ಟರಲ್ಲಿ ಒಂದನೆಯವರು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಬಿಟ್ಟು ಕಿತ್ತಾಡುತ್ತಿರುತ್ತಿದ್ದರು. ಹಾಗಾಗಿ ಮೇಷ್ಟ್ರು ಸುಲಭದ ದಾರಿ ಹಿಡಿದಿದ್ದರು. ತಾವು ಒಂದು ಸಾಲು ಹೇಳುವುದು, ಮಕ್ಕಳು ಒಟ್ಟಿಗೆ ಕೂಗುವುದು. ಕೂಗಿ ಕೂಗಿ ಪುಸ್ತಕವೆಲ್ಲ ಅವರಿಗೆ ಬಾಯಿಪಾಠವಾಗುತ್ತಿತ್ತು.

ಪುಟ್ಟಮಾದಮ್ಮನ ಮಗಳು ಮಾಯಮ್ಮನಷ್ಟು ಚೆನ್ನಾಗಿ ಯಾರೂ ಒಪ್ಪಿಸುತ್ತಿರಲಿಲ್ಲ. ಪುಟ್ಟಮಾದಮ್ಮ ಗಂಡ ಸತ್ತವಳು. ಹೊಲವನ್ನು ತಾನೇ ಗೇಯ್ದುಕೊಂಡು, ಹೆಣ್ಣುಮಗುವಿಗೆ ಶಾಲೆ ಯಾಕೆ ಎಂದವರ ಬಾಯಿ ಮುಚ್ಚಿಸಿ, ಮಗಳನ್ನು ಓದಲು ಕಳಿಸಿದ್ದಳು. ಇನ್‌ಸ್ಪೆಕ್ಟರು ಬಂದ ದಿನ ಮಾಯಮ್ಮ ಪುಸ್ತಕ ಹಿಡಿದು, ಸಾಲಿನ ಮೇಲೆ ಬೆರಳಾಡಿಸುತ್ತಾ, ಪಾಠವನ್ನು ಪೂರ್ತಿ ಓದಿದಳು. ಇನ್‌ಸ್ಪೆಕ್ಟರು ಭೇಷ್ ಎಂದರು. ಪಕ್ಕದಲ್ಲಿದ್ದ ಮೇಷ್ಟ್ರಿಗೆ ಮಾತ್ರ ಕಂಡಿತು: ಹುಡುಗಿ ತೆರೆದಿದ್ದ ಪುಟ ಬೇರೆ ಪಾಠದ್ದು. ಅವರು ಸುಮ್ಮನಿದ್ದರು. 1950ರ ಆ ಬೇಸಿಗೆಯಲ್ಲಿ ಎಲ್ಲರ ಜೊತೆ ಮಾಯಮ್ಮನೂ ನಾಲ್ಕನೆಯ ತರಗತಿ ಪಾಸಾದಳು.

ಐದು ವರ್ಷದ ಮೇಲೆ ಅವಳನ್ನು ಹೆಗ್ಗಡದೇವನಕೋಟೆಯ ಆಚೆ, ಕಾಡಂಚಿನ ಊರಿಗೆ ಕೊಟ್ಟರು. ಅಷ್ಟು ದೂರ ಬೇಡವೆಂದು ಹುಡುಗಿ ಗಾಡಿಯ ಗೂಟ ಹಿಡಿದು ಅತ್ತಳು. ಪುಟ್ಟಮಾದಮ್ಮನೇ ಬೆರಳು ಬಿಡಿಸಿ ಗಾಡಿ ಹತ್ತಿಸಿ, ಅಂಚೆ ಕಾರ್ಡುಗಳ ಒಂದು ಕಟ್ಟನ್ನು ಮಡಿಲಿಗೆ ಹಾಕಿದಳು. ಎಲ್ಲದರ ಮೇಲೂ ಮೇಷ್ಟ್ರೇ ಮುಂದೆ ಬಿದ್ದು ವಿಳಾಸ ಬರೆದುಕೊಟ್ಟಿದ್ದರು.

"ಅಳಬ್ಯಾಡ ಕಣವ್ವ. ಓದ್ದೋಳು ನೀನು. ಕಾಗ್ದ ಬರಿ, ಮೇಷ್ಟ್ರ ಕೈಲಿ ಓದುಸ್ಕತೀನಿ," ಎಂದಳು.

ಒಂದು ಕಾರ್ಡೂ ಬರಲಿಲ್ಲ. ಹಬ್ಬಕ್ಕೆ ಕರೆತರಲು ಹೋದವರು ಬರಿಗೈಲಿ ಬಂದರು, ಬೀಗರು ಕಳಿಸಲಿಲ್ಲವಂತೆ. ಅವಳೇ ಒಲ್ಲೆನೆಂದಿರಬೇಕು ಎಂದು ತಾಯಿ ಅಂದುಕೊಂಡಳು. ಬಸುರಿಯಾದ ಮಾಯಮ್ಮನಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಮಗು ಉಳಿಯಲಿಲ್ಲ, ಹಿಂದೆಯೇ ಅವಳೂ ಉಳಿಯಲಿಲ್ಲ. ಸುದ್ದಿ ಬರುವ ಹೊತ್ತಿಗೆ ಮಣ್ಣಾಗಿತ್ತು.

ಹನ್ನೊಂದನೆಯ ದಿನ ಅವಳ ಮೈದುನ ಸಣ್ಣಬೀರಯ್ಯ ತಗಡಿನ ಪೆಟ್ಟಿಗೆಯೊಂದನ್ನು ಹೊತ್ತು ತಂದ. ಮೇಷ್ಟ್ರೂ ಜಗಲಿಯ ಮೇಲಿದ್ದರು. ಸೀರೆಗಳ ಕೆಳಗೆ ಕಾರ್ಡಿನ ಕಟ್ಟು ಹಾಗೇ ಇತ್ತು.

"ನಮ್ಮನೇಲಿ ಯಾರ್ಗೂ ಓದಾಕೆ ಬರಾಕಿಲ್ಲ ಕಣವ್ವ," ಎಂದ ಸಣ್ಣಬೀರಯ್ಯ. "ಅತ್ಗೆ ಓದ್ದೋರು ಅಂತ ಊರ್ಗೆಲ್ಲ ಏಳ್ಕತಿದ್ವಿ. ಅವ್ವಂಗೆ ಕಾಗ್ದ ಬರೀರಿ ಅಂದ್ರೆ, ನಾಳಿಕೆ ಬರೀತೀನಿ ಅನ್ನೋರು."

"ಅಷ್ಟು ಕ್ವಾಪ ಮಡಿಕಂಡಿದ್ಲು ನನ್ ಮ್ಯಾಲೆ," ಎಂದಳು ಪುಟ್ಟಮಾದಮ್ಮ.

ಮೇಲಿನ ಕಾರ್ಡಿನ ಹಿಂದೆ ಪೆನ್ಸಿಲಿನ ಗೀಟುಗಳಿದ್ದವು. ಯಾವ ಅಕ್ಷರವೂ ಆಗದ ಸುತ್ತುಗಳು. ಒದ್ದೆ ಬೆರಳಿನಿಂದ ಅಳಿಸಿ, ಮತ್ತೆ ಬರೆದು, ಕಾಗದ ಅಲ್ಲಲ್ಲಿ ತೆಳ್ಳಗಾಗಿತ್ತು. ಮನೆಯ ಮಕ್ಕಳು ಗೀಚಿರಬೇಕೆಂದ ಸಣ್ಣಬೀರಯ್ಯ. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದವರು ಪುಟ್ಟಮಾದಮ್ಮನ ಮುಖ ನೋಡಿ ಜಗಲಿಯಿಂದ ಎದ್ದುಬಿಟ್ಟರು. ಮನೆಗೆ ಹೋಗಿ ಅರ್ಜಿ ಬರೆಯಲು ಕೂತರು. ಅವಳಿಗೆ ಹೇಳಲಾರದ್ದನ್ನು ಸರ್ಕಾರಕ್ಕೆ ಹೇಳಿದರೆ ಎದೆಯ ಭಾರ ಇಳಿದೀತೆಂದು ಅವರಿಗೆ ತೋರಿತ್ತೋ ಏನೋ.

ಒಂದನೆಯ ತರಗತಿಗೆಂದೇ ಬೇರೆ ಮೇಷ್ಟ್ರು ಇರಬೇಕು, ಅವರ ಕೈಕೆಳಗೆ ಮೂವತ್ತಕ್ಕಿಂತ ಹೆಚ್ಚು ಮಕ್ಕಳು ಇರಕೂಡದು, ಹಿಂದೆ ಎಂದೂ ನೋಡದ ಒಂದು ಪುಟವನ್ನು ಓದಲಾಗದ ಮಗುವನ್ನು ಓದು ಬಂದಿದೆಯೆಂದು ಬರೆದು ಮೇಲಕ್ಕೆ ಕಳಿಸಕೂಡದು. ಇದು ಸುತ್ತೋಲೆಯಾದರೆ ಸಾಲದು, ಕಾಯ್ದೆಯೇ ಆಗಬೇಕು ಎಂದು ಬರೆದರು. ರಜೆ ಬಂದಾಗಲೆಲ್ಲ ಸೈಕಲ್ ಹತ್ತಿ ಹುಣಸೂರು, ಸಾಲಿಗ್ರಾಮ, ಕೆ.ಆರ್. ನಗರವೆಂದು ಅಲೆದು ಮೇಷ್ಟ್ರುಗಳ ಸಹಿ ಕೇಳಿದರು.

"ಕಾಯ್ದೆ ಬಂದ್ರೆ ಮೊದ್ಲು ಸಿಕ್ಕಿಬೀಳೋರು ನಾವೇ ಕಣ್ರೀ," ಎಂದರು ಹನಗೋಡಿನ ಹಿರಿಯ ಮೇಷ್ಟ್ರು ಕಂಠಪ್ಪ. ಆದರೂ ಸಹಿ ಹಾಕಿದರು. ಎರಡು ವರ್ಷಕ್ಕೆ ನಲವತ್ತೊಂದು ಸಹಿಯಾಯಿತು. ಆ ಭಾಗದ ಶಾಸಕರೊಬ್ಬರು ಅರ್ಜಿ ಓದಿ, ಮಸೂದೆ ತರೋಣ, ಮೊದಲು ಎಲ್ಲರ ಮಾತೂ ಕೇಳೋಣವೆಂದು 1958ರಲ್ಲಿ ಹುಣಸೂರಿನಲ್ಲಿ ಸಭೆ ಕರೆದರು.

ಪುಟ್ಟಮಾದಮ್ಮ ತಾನೇ ಹೊರಟು ಬಂದಳು. "ನಾನೂ ಬತ್ತೀನಿ ಮೇಷ್ಟ್ರೆ. ನಿಮ್ ಪರ ಒಂದ್ ಮಾತ್ ಆಡ್ತೀನಿ," ಎಂದವಳನ್ನು ಬೇಡವೆನ್ನಲು ಅವರಿಗೆ ಕಾರಣ ಸಿಗಲಿಲ್ಲ.

ಸಭೆಯಲ್ಲಿ ಇಲಾಖೆಯ ದೊಡ್ಡ ಅಧಿಕಾರಿಯೊಬ್ಬರು ಅರ್ಜಿಯನ್ನು ಮೇಜಿನ ಮೇಲಿಟ್ಟು ಕೇಳಿದರು: "ನಾಲ್ಕನೇ ತರಗತಿ ಪಾಸಾಗಿಯೂ ಓದಲು ಬಾರದ ಮಕ್ಕಳಿದ್ದಾರೆ ಅಂತೀರಿ. ಎಲ್ಲಿದ್ದಾರೆ? ಒಂದು ಹೆಸರು ಹೇಳಿ."

ಆಗ ಹಿಂದಿನ ಸಾಲಿನಲ್ಲಿ ಪುಟ್ಟಮಾದಮ್ಮ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

"ನಮ್ ಮೇಷ್ಟ್ರು ಅಂಥೋರಲ್ಲ ಸ್ವಾಮಿ. ಚೆಂದಾಗೇ ಕಲಿಸ್ತರೆ. ನನ್ ಮಗ್ಳು ಮಾಯಮ್ಮ ಪುಸ್ತ್ಕವ ಪಟಪಟ ಅಂತ ಓದೋಳು. ಇನ್‌ಸ್ಪೆಟ್ರೇ ಭೇಷ್ ಅಂದಿದ್ರು."

"ಕೇಳಿದಿರಾ?" ಎಂದು ಅಧಿಕಾರಿ ಶಾಸಕರ ಕಡೆ ತಿರುಗಿ ನಕ್ಕರು.

ವೀರಭದ್ರಸ್ವಾಮಿ ಎದ್ದು ನಿಂತರು. ಸುಮ್ಮನಿದ್ದರೆ ಅರ್ಜಿ ಅಲ್ಲಿಗೇ ಸಾಯುತ್ತಿತ್ತು. ಮಾತಾಡಿದರೆ ಹಿಂದೆ ನಿಂತ ಆ ಹೆಂಗಸಿಗೆ ಇನ್ನೇನು ಉಳಿಯುತ್ತದೆಂದು ತಿಳಿಯಲಿಲ್ಲ.

"ಮಾಯಮ್ಮನಿಗೆ ಓದು ಬರುತ್ತಿರಲಿಲ್ಲ," ಎಂದರು. "ಅವಳದ್ದು ಬಾಯಿಪಾಠ. ನನಗೆ ಗೊತ್ತಿತ್ತು. ಗೊತ್ತಿದ್ದೂ ಪಾಸು ಮಾಡಿದೆ. ಒಂದು ಹೆಸರು ಕೇಳಿದಿರಲ್ಲ, ಬರೆದುಕೊಳ್ಳಿ."

ಅಧಿಕಾರಿ ಬರೆದುಕೊಂಡರು. ಮಾಯಮ್ಮನ ಹೆಸರನ್ನಲ್ಲ, ಮೇಷ್ಟ್ರದ್ದು.

ಸಭೆ ಮುಗಿದು ಬಸ್ಸಿಗೆ ನಡೆಯುವಾಗ ಪುಟ್ಟಮಾದಮ್ಮ ಹೊಳೆಯ ಸೇತುವೆಯ ಹತ್ತಿರ ನಿಂತಳು.

"ಅಂಗಾದ್ರೆ ಅವಳ್ಗೆ ನನ್ ಮ್ಯಾಲೆ ಕ್ವಾಪ ಇರ್ನಿಲ್ವ?"

"ಇರಲಿಲ್ಲ ತಾಯಿ. ಬರೆಯೋಕೆ ನೋಡಿದ್ದಾಳೆ. ಆ ಕಾರ್ಡಿನ ಮೇಲಿರೋದು ಅವಳೇ ಗೀಚಿದ್ದು."

ಅವಳು ಸೇತುವೆಯ ಕಟ್ಟೆಯ ಮೇಲೆ ಕುಸಿದು ಕೂತಳು. ಮಗಳ ಸಾವಿನ ಸುದ್ದಿ ಬಂದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಅತ್ತು ಮುಗಿದ ಮೇಲೆ, "ಯಾಡ್ ವರ್ಸ ನಾನು ಅವಳ ಬೈಕಂಡಿದ್ನಲ್ಲ ಮೇಷ್ಟ್ರೆ. ನಿಮ್ಗೆ ಗೊತ್ತಿತ್ತಲ್ಲ," ಎಂದಳು. ಬಸ್ಸಿನಲ್ಲಿ ದೂರ ಹೋಗಿ ಕೂತಳು.

ಕಾಯ್ದೆ ಬರಲಿಲ್ಲ. ಹೀಗಾದದ್ದು ಒಬ್ಬ ಶಿಕ್ಷಕನ ಕರ್ತವ್ಯಲೋಪದಿಂದ, ಅದಕ್ಕೆ ಶಿಸ್ತುಕ್ರಮ ಸಾಕು, ಮಸೂದೆ ಅನಗತ್ಯ ಎಂದು ಅಧಿಕಾರಿ ವರದಿ ಬರೆದರು. ಶಾಸಕರು ಒಂದೆರಡು ಸಲ ವಿಷಯ ಎತ್ತಿ, ಆಮೇಲೆ ಬೇರೆ ಕೆಲಸಗಳಲ್ಲಿ ಮರೆತರು. ಸಹಿ ಹಾಕಿದ್ದ ಕೆಲವರು ತಮ್ಮ ಹೆಸರು ತೆಗೆಯಿರಿ ಎಂದು ಬರೆದರು. ಕಂಠಪ್ಪ ಬರೆಯಲಿಲ್ಲ. ವೀರಭದ್ರಸ್ವಾಮಿಯವರ ಬಡ್ತಿ ತಡೆದು, ಕೆ.ಆರ್. ನಗರದ ಕಡೆಯ ಒಂದು ಹಳ್ಳಿಗೆ ವರ್ಗ ಮಾಡಿದರು. ಅಲ್ಲೂ ಒಂದೇ ಕೋಣೆ, ನಾಲ್ಕು ತರಗತಿ.

ಹೊರಡುವ ಮುಂಚೆ ಅವರು ಪುಟ್ಟಮಾದಮ್ಮನ ಮನೆಗೆ ಹೋದರು. ಅವಳು ರಾಗಿ ಹಸನು ಮಾಡುತ್ತಿದ್ದಳು. ಕೂರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

"ಕಾಯ್ದೆ ಆಗಲಿಲ್ಲ," ಎಂದರು ಮೇಷ್ಟ್ರು.

"ಕೇಳ್ದೆ."

"ಇನ್ನೊಂದು ಅರ್ಜಿ ಬರೆದಿದ್ದೀನಿ. ಈ ಸಲ ಸಹಿ ನನ್ನದೊಂದೇ."

ಅವಳು ಮೊರ ಕೆಳಗಿಟ್ಟಳು. "ಒಂದ್ ಮಾತ್ ಕೇಳ್ತೀನಿ, ದಿಟ ಏಳಿ. ನಾಕ್ ವರ್ಸ ಬಂದವ್ಳೆ ನಿಮ್ತಾವ್ಕೆ. ಓದು ಬತ್ತಿರ್ನಿಲ್ಲ, ಸರಿ. ಯಾವ್ಯಾವ್ ಅಕ್ಸರ ಬತ್ತಿತ್ತು ಅವಳ್ಗೆ?"

ಮೇಷ್ಟ್ರು ನೆನೆದರು. ಮಾಯಮ್ಮನ ದನಿ ನೆನಪಿತ್ತು, ಎರಡು ಜಡೆ ನೆನಪಿತ್ತು, ಕೂತುಕೊಳ್ಳುತ್ತಿದ್ದ ಮೂಲೆ ನೆನಪಿತ್ತು. ಆ ತೊಂಬತ್ತು ಮಕ್ಕಳ ಗದ್ದಲದಲ್ಲಿ ಒಂದು ದಿನವಾದರೂ ಅವಳೊಬ್ಬಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಇದು ಯಾವ ಅಕ್ಷರ ಹೇಳು ಎಂದು ಕೇಳಿದ್ದು ನೆನಪಾಗಲಿಲ್ಲ.

"ಗೊತ್ತಿಲ್ಲ ತಾಯಿ," ಎಂದರು.