ಬೋರ್ಡಿನ ಮೇಲಿನ ಸಾಲು

ಟರ್ಪೆಂಟೈನ್ ವಾಸನೆ, ಬೆಳಿಗ್ಗೆಯಿಂದ ಮೂಗಿಗೆ ಅಂಟಿಕೊಂಡೇ ಇದೆ, ಬಾಗಿಲ ಪಕ್ಕ ಒರಗಿಸಿದ ಬಿಳಿ ಬೋರ್ಡಿನದು, ಕೆಳಗಿನ ಸಾಲು ಇನ್ನೂ ಹಸಿ, ಲೆಕ್ಕಪತ್ರ ಮಾತ್ರ, ಮೇಲಿನ ಸಾಲು ಖಾಲಿ, ಯಾರ ಲೆಕ್ಕಪತ್ರ ಎಂಬುದನ್ನು ಅವಳೇ ಬಾಯಿಬಿಟ್ಟು ಹೇಳಬೇಕು, ಬೋರ್ಡು ಬರೆಯುವವನು ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸುತ್ತ ಮೂರನೆಯ ಸಲ ಕೇಳುತ್ತಿದ್ದಾನೆ, ಮೇಲೆ ಏನ್ ಬರೀಲಿ ಅಕ್ಕ, ನಿಮ್ಮ ತಂಗಿ ಆದ್ರೆ ಅವರ ಬೋರ್ಡಿಗೆ ಒಂದೇ ಮಾತಲ್ಲಿ ಹೇಳ್ಬಿಟ್ರು — ಹೇಳದೆ ಏನು, ಬಾಯಿಪಾಠ ಮಾಡಿಸಿದ್ದು ಯಾರು, ಇದೇ ಮೇಜಿನ ಆ ತುದಿಯಲ್ಲಿ ಕೂರಿಸಿಕೊಂಡು ಜಮಾ ಯಾವುದು ಖರ್ಚು ಯಾವುದು ಎಂದು ಕೈ ಹಿಡಿದು ಕಲಿಸಿದ್ದು ಯಾರು, ಒಂದು ಮಧ್ಯಾಹ್ನ ಆಕಳಿಸುತ್ತ ತಮಾಷೆಗೆ ಅಂದಿದ್ದೂ ತಾನೇ, ಊರಿನವರ ಲೆಕ್ಕವೆಲ್ಲ ಬರೆಯೋದಕ್ಕಿಂತ ಬರೀ ಹಲ್ಲು ಡಾಕ್ಟರುಗಳದ್ದು ಬರೆದ್ರೆ ಆರಾಮ ಕಣೇ, ಕಾಗದ ಎಲ್ಲ ಕ್ಲೀನು, ಅಂದಿದ್ದಳು, ಮರೆತಿದ್ದಳು, ತಂಗಿ ಮರೆಯಲಿಲ್ಲ. ಈಗ ರಸ್ತೆಯಾಚೆ, ಸರಿಯಾಗಿ ಈ ಕಿಟಕಿಗೆ ಎದುರಾಗಿ, ಹಲ್ಲಿನ ವೈದ್ಯರ ಲೆಕ್ಕಪತ್ರ ಮಾತ್ರ, ಪಕ್ಕದಲ್ಲಿ ನಗುವ ಒಂದು ಬಿಳಿ ಹಲ್ಲು, ಎರಡು ವರ್ಷದಿಂದ ಆ ಹಲ್ಲು ಇವಳನ್ನೇ ನೋಡಿ ನಗುತ್ತಿದೆ.

ಹೊಟ್ಟೆ ಉರಿಯುತ್ತದೆ, ಉರಿಯುವುದಿಲ್ಲ ಎಂದು ಯಾರಿಗೆ ಸುಳ್ಳು ಹೇಳಬೇಕು, ಸ್ವಂತ ತಂಗಿಯಾದರೇನು, ಪರರ ಏಳಿಗೆಯನ್ನಾದರೂ ನೋಡಬಹುದು, ಪಕ್ಕದಲ್ಲೇ ಮಲಗಿ ಹೊದಿಕೆ ಎಳೆದುಕೊಳ್ಳುತ್ತಿದ್ದವಳದ್ದು ನೋಡಲಾಗುವುದಿಲ್ಲ, ಆಗಲೂ ಹಾಗೇ, ನಿಧಾನಕ್ಕೆ, ಸದ್ದಿಲ್ಲದೆ, ಎಚ್ಚರವಾಗುವಷ್ಟರಲ್ಲಿ ಹೊದಿಕೆಯೆಲ್ಲ ಅವಳ ಮೇಲೆ. ಊರಿನ ದೊಡ್ಡ ಹಲ್ಲು ಡಾಕ್ಟರು ಮೊದಲು ಇವಳ ಗಿರಾಕಿ, ಹೋದದ್ದು ಹೇಗೆ, ಲ್ಯಾಬ್ ಬಿಲ್ಲುಗಳು, ಲ್ಯಾಬ್ ಅಂದರೆ ರಕ್ತ ಪರೀಕ್ಷೆ ಅಂದುಕೊಂಡು ಇಡೀ ವರ್ಷದ್ದನ್ನು ಪರೀಕ್ಷೆಯ ಖರ್ಚಿಗೆ ಬರೆದಿದ್ದಳು, ಕಟ್ಟುಹಲ್ಲು ಮಾಡಿಕೊಡುವ ಜಾಗಕ್ಕೂ ಲ್ಯಾಬ್ ಅನ್ನುತ್ತಾರೆಂದು ಯಾರಿಗೆ ಗೊತ್ತು, ತಂಗಿಗೆ ಗೊತ್ತಿತ್ತು, ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ, ಬೆನ್ನ ಮೇಲೆ ಕೈಯಿಟ್ಟಳು, ಇರಲಿ ಬಿಡು ಅಕ್ಕ, ನಾನು ಸರಿ ಮಾಡ್ಕೊಡ್ತೀನಿ, ಆ ಕೈ ಈಗಲೂ ಬೆನ್ನ ಮೇಲೆ ಇದೆ, ಸುಡುತ್ತದೆ. ಸರಿ, ಇವತ್ತು ತಾನೂ ಬರೆಸುತ್ತಾಳೆ, ಅದೇ ಅಕ್ಷರ, ಅದೇ ಅಳತೆ, ಹಲ್ಲಿನ ವೈದ್ಯರ, ತಂಗಿ ಕಿಟಕಿ ತೆರೆದಾಗ ಮೊದಲು ಕಾಣುವುದು ಅದೇ ಆಗಲಿ, ಮುಖ ಹೇಗಾಗುತ್ತದೋ ನೋಡಬೇಕು — ಮತ್ತೆ ಲ್ಯಾಬ್ ಬಿಲ್ಲು ಬಂದರೆ, ಬರಲಿ, ಕಲಿತರಾಯಿತು, ಆ ನಗು ಒಂದು ದಿನ ನಿಂತರೆ ಸಾಕು, ಒಂದು ಕಣ್ಣು ಹೋದರೂ ಸರಿ ಎದುರಿನವರ ಎರಡೂ ಹೋಗಲಿ ಅನ್ನುವ ಜಾತಿ ತಾನೂ ಆಗಿಬಿಟ್ಟಳಲ್ಲ, ಆಗಲಿ, ಬರೀರಿ, ಹಲ್ಲಿನ —

ಬಾಗಿಲು ತಳ್ಳಿಕೊಂಡು ಗ್ಯಾರೇಜಿನವನು, ಎದೆಗೆ ಅವಚಿದ ರಟ್ಟಿನ ಪೆಟ್ಟಿಗೆ, ಮೂರು ತಿಂಗಳ ಬಿಲ್ಲುಗಳು, ಬಾಗಿಲು ತಾಗಿ ಬೋರ್ಡು ಜಾರಿತು, ಅವನು ಒಂದು ಕೈಯಲ್ಲಿ ಹಿಡಿದು ನಿಲ್ಲಿಸಿದ, ಅಯ್ಯೋ ಅಕ್ಕ, ತಪ್ಪಾಯ್ತು, ಖಾಲಿ ಸಾಲಿನ ನಟ್ಟನಡುವೆ ಕಪ್ಪು ಹೆಬ್ಬೆಟ್ಟಿನ ಗುರುತು. ಇವನನ್ನು ಇಲ್ಲಿಗೆ ಕಳಿಸಿದ್ದು ತಂಗಿಯೇ, ಎಣ್ಣೆ ಕಾಗದ ನಾನು ಮುಟ್ಟಲ್ಲ, ಅಕ್ಕ ನೋಡ್ಕೋತಾಳೆ, ಎಂಜಲು ಕೊಟ್ಟ ಹಾಗೆ ಕೊಟ್ಟಳು, ಇವಳೂ ಹೋದ ಸಲ ಮುಖ ಸಿಂಡರಿಸಿಕೊಂಡೇ ಕಾಗದಗಳಿಗೆ ಸೀಮೆಸುಣ್ಣದ ಪುಡಿ ಉದುರಿಸಿ ಎಣ್ಣೆ ಹೀರಿಸಿದ್ದಳು, ಓದಲಾಗದ್ದನ್ನು ಕಿಟಕಿಗೆ ಹಿಡಿದು ಓದಿದ್ದಳು, ಪ್ರತಿಯೊಂದರ ಮೂಲೆಯಲ್ಲೂ ಇದೇ ಹೆಬ್ಬೆಟ್ಟು, ಒಂದನ್ನು ಬಿಟ್ಟು, ಒಂದು ಕ್ಲಚ್ಚಿನ ಬಿಲ್ಲು ಮಾತ್ರ ಹಾಲಿನಷ್ಟು ಬೆಳ್ಳಗಿತ್ತು, ಈ ಸಾಮಾನು ನಿಮ್ಮ ಕೈಗೇ ಬಂದಿಲ್ಲ, ಬಂದಿದ್ದರೆ ಹೆಬ್ಬೆಟ್ಟು ಬೀಳ್ತಿತ್ತು, ಅಂದಿದ್ದಳು, ನೋಡಿದರೆ ಬಿಡಿಭಾಗದ ಅಂಗಡಿಯವನು ಅದೇ ಕ್ಲಚ್ಚಿಗೆ ಎರಡು ಸಲ ಬಿಲ್ಲು ಹಾಕಿದ್ದ, ಗ್ಯಾರೇಜಿನವನು ಇವಳನ್ನು ಮಂತ್ರವಾದಿಯನ್ನು ನೋಡಿದ ಹಾಗೆ ನೋಡಿದ್ದ. ಹಿತ್ತಲ ಗಿಡ ಮದ್ದಲ್ಲ, ತನ್ನ ಆ ಜಾಣತನವನ್ನು ಅವತ್ತೇ ಮರೆತಳು, ಕಿಟಕಿಯಾಚೆಯ ಹಲ್ಲನ್ನೇ ನೋಡುತ್ತ ಕೂತಳು. ಈಗ ಅವನು ಪೆಟ್ಟಿಗೆ ಇಳಿಸುತ್ತ ಹೇಳುತ್ತಿದ್ದಾನೆ, ನಮ್ಮ ಸಾಲಿನ ಇನ್ನಿಬ್ಬರು ಗ್ಯಾರೇಜಿನವ್ರೂ ನಿಮ್ಮನ್ನೇ ಕೇಳ್ತಿದಾರೆ ಅಕ್ಕ, ಬರ್ಲಾ ಅಂತ, ಬೋರ್ಡಿನವನು ಬಟ್ಟೆಗೆ ಟರ್ಪೆಂಟೈನ್ ಹಾಕಿಕೊಂಡು ಬಗ್ಗಿದ್ದಾನೆ, ಒರೆಸಿ ಬರೀತೀನಿ, ಹಲ್ಲಿನ ಅಂದ್ರಲ್ಲ, ಆಮೇಲೆ — ಎದುರಿನ ಕಿಟಕಿ ತೆರೆದಿದೆ, ತಂಗಿ ನಿಂತಿದ್ದಾಳೆ, ಇತ್ತಲೇ ನೋಡುತ್ತಿದ್ದಾಳೆ, ನೋಡಲಿ, ತಾನು ಬೇಡವೆಂದು ಕೊಟ್ಟದ್ದನ್ನೇ ಅಕ್ಕ ಬೋರ್ಡಿಗೆ ಏರಿಸಿಕೊಂಡಳು ಎಂದು ನಗಲಿ, ಉರಿ ಇನ್ನೂ ಇದೆ, ಎಲ್ಲಿಗೂ ಹೋಗಿಲ್ಲ, ಆದರೂ ಬಾಯಿ ತಾನಾಗಿ ಆಡಿತು, ಗ್ಯಾರೇಜುಗಳ, ಅಂತ ಬರೀರಿ, ಅದನ್ನ ಒರೆಸ್ಬೇಡಿ, ಪಕ್ಕದಲ್ಲಿ ಜಾಗ ಮಾಡ್ಕೊಂಡು ಬರೀರಿ, ಒರೆಸಬೇಡಿ ಅಂದೆ, ಆ ಬಿಳಿ ಹಲ್ಲಿನ ಮೇಲೆ ಯಾರ ಗುರುತೂ ಇಲ್ಲ, ಇಲ್ಲಿ ಇದೆ, ಹೆಬ್ಬೆಟ್ಟು, ಗೆರೆ ಗೆರೆಯಾಗಿ, ನಟ್ಟನಡುವೆ, ಕಪ್ಪು ಹೆಬ್ಬೆಟ್ಟು